ಹೊಗೆಹಳ್ಳದ ಬುರುಡೆ ಹೇಳಿದ ನ್ಯಾಯ

ಒಂದು ಕಾಡಿನಲ್ಲಿ ಒಂದು ಬುರುಡೆ ನ್ಯಾಯ ಹೇಳುತ್ತಿತ್ತು. ನಗಬೇಡಿ. ಆ ಕಾಡಿನಲ್ಲಿ ಯಾರೂ ನಗುತ್ತಿರಲಿಲ್ಲ.

ಅದು ಒಂದು ಮುದಿ ಹೆಣ್ಣಾನೆಯ ಬುರುಡೆ. ಹೊಗೆಹಳ್ಳ ಎಂಬ ಕಮರಿಯ ಅಂಚಿನಲ್ಲಿ, ಕರಿ ಬಂಡೆಯೊಂದರ ಮೇಲೆ ಕೂತಿತ್ತು. ಅದರ ನಡುವೆ ಒಂದೇ ಒಂದು ದೊಡ್ಡ ತೂತು. ಬದುಕಿದ್ದಾಗ ಸೊಂಡಿಲು ಇದ್ದ ಜಾಗ ಅದು. ದೂರದಿಂದ ನೋಡಿದರೆ ಒಂಟಿ ಕಣ್ಣಿನಂತೆ ಕಾಣುತ್ತಿತ್ತು. ಎಲ್ಲಿ ನಿಂತರೂ ಆ ಕಣ್ಣು ತಮ್ಮನ್ನೇ ನೋಡುತ್ತಿದೆ ಎಂದು ಪ್ರಾಣಿಗಳಿಗೆ ಅನಿಸುತ್ತಿತ್ತು. ಹೊತ್ತು ಮುಳುಗುವಾಗ ಹಳ್ಳದಿಂದ ಬಿಳಿ ಮಂಜು ಏಳುತ್ತಿತ್ತು, ಅದರ ಹಿಂದೆಯೇ ಗಾಳಿ ಬರುತ್ತಿತ್ತು. ಗಾಳಿ ಆ ತೂತಿನೊಳಗೆ ಹೊಕ್ಕರೆ ಬುರುಡೆ "ಹೂಂ..." ಎನ್ನುತ್ತಿತ್ತು. ಆ ದನಿ ಕಿವಿಗೆ ಬೀಳುವ ಮೊದಲು ಎದೆಗೆ ಬೀಳುತ್ತಿತ್ತು.

ಇದು ಹೇಗೆ ಶುರುವಾಯಿತು ಅಂತ ಹೇಳುತ್ತೇನೆ, ಕೇಳಿ.

ಬಹಳ ಹಿಂದೆ ಆ ಕಾಡಿನಲ್ಲಿ ಹುಲಿಯೇ ದೊರೆ, ಹುಲಿಯೇ ನ್ಯಾಯಾಧೀಶ. ಜಗಳ ತಂದ ಇಬ್ಬರಲ್ಲಿ ಒಬ್ಬರನ್ನು ಅದು ತಿಂದುಬಿಡುತ್ತಿತ್ತು. ಹಸಿವು ಜೋರಾಗಿದ್ದರೆ ಇಬ್ಬರನ್ನೂ ತಿನ್ನುತ್ತಿತ್ತು. ಜಗಳವೇನೋ ಅಲ್ಲಿಗೆ ಮುಗಿಯುತ್ತಿತ್ತು ಬಿಡಿ. ಆಮೇಲೆ ಯಾರೂ ದೂರು ತರಲಿಲ್ಲ. ಪೊದೆಪೊದೆಯಲ್ಲೂ ಸೇಡು ಬೆಳೆಯಿತು, ಕಾಡೇ ಕೆಟ್ಟುಹೋಯಿತು.

ಆಗ ದೊಡ್ಡವ್ವ ಎಂಬ ಹೆಣ್ಣಾನೆ ಕರಿ ಬಂಡೆಯ ಮೇಲೆ ನಿಂತು, "ನಿಮ್ಮ ಜಗಳ ನನ್ನ ಹತ್ತಿರ ತನ್ನಿ," ಎಂದಳು. ಅವಳದು ಒಂದು ವಿಚಿತ್ರ ಪದ್ಧತಿ. ದೂರು ಕೊಟ್ಟವನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದಳು. ಆಮೇಲೆ ಅದೇ ಮಾತನ್ನು ತಾನೇ ತಿರುಗಿ ಹೇಳಿ, "ಇದೇ ತಾನೇ ನಿನ್ನ ಮಾತು?" ಎಂದು ಕೇಳುತ್ತಿದ್ದಳು. ಅವನು "ಹೌದವ್ವಾ, ಇದೇ ನನ್ನ ಮಾತು" ಎಂದ ಮೇಲೆಯೇ ಇನ್ನೊಬ್ಬನ ಕಡೆ ತಿರುಗುತ್ತಿದ್ದಳು. ಅವನ ಮಾತನ್ನೂ ಹಾಗೆಯೇ ಕೇಳಿ, ಹಾಗೆಯೇ ತಿರುಗಿ ಹೇಳುತ್ತಿದ್ದಳು. ಜಗಳ ಆದ ಜಾಗಕ್ಕೆ ನಡೆದುಹೋಗಿ ಕಣ್ಣಾರೆ ನೋಡುತ್ತಿದ್ದಳು. ಕೊನೆಗೆ ತೀರ್ಪು ಹೇಳಿ, ಯಾಕೆ ಅಂತಲೂ ಹೇಳುತ್ತಿದ್ದಳು.

ಸೋತವರು ಗೊಣಗಿದರೂ ಒಪ್ಪುತ್ತಿದ್ದರು. ಕೊನೆಗೆ ಹುಲಿಯೂ ಅವಳ ಮಾತಿಗೆ ತಲೆ ಬಾಗಿಸಿತು. ಸೊಂಡಿಲಿಗೆ ಹೆದರಿ ಅಲ್ಲ. ತನ್ನ ಮಾತನ್ನು ಅಷ್ಟು ಸರಿಯಾಗಿ ಕೇಳಿದವರು ಅದಕ್ಕೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ.

ಒಂದು ದಿನ ದೊಡ್ಡವ್ವ ಆ ಬಂಡೆಯ ಮೇಲೆಯೇ ಒರಗಿ ಸತ್ತಳು. ಕಾಡೆಲ್ಲ ಅತ್ತಿತು. ಮಳೆ ಬಿಸಿಲಿಗೆ ಮೈ ಕರಗಿ ಬುರುಡೆ ಮಾತ್ರ ಉಳಿಯಿತು. ಅವಳ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಯಾರಿಗೂ ಮನಸ್ಸು ಬರಲಿಲ್ಲ. "ಅವ್ವ ಇಲ್ಲೇ ಇದ್ದಾಳೆ, ಬೇರೆ ಯಾರು ಯಾಕೆ?" ಎಂದರು. ಪ್ರೀತಿಯಿಂದಲೇ ಹಾಗೆಂದರು. ಆದರೆ ತಪ್ಪು ಆದದ್ದು ಅಲ್ಲೇ. ಖಾಲಿ ಬಿಟ್ಟ ಪೀಠ ಖಾಲಿ ಇರುವುದಿಲ್ಲ, ಯಾರಾದರೂ ಬಂದು ಕೂರುತ್ತಾರೆ.

ಬಂದು ಕೂತದ್ದು ಒಂದು ಕತ್ತೆಕಿರುಬ.

ಕಿರುಬ ಹಳ್ಳದ ಕೆಳಗಿನ ಗುಹೆಯಲ್ಲಿ ಇರುತ್ತಿತ್ತು. ಮೂಳೆ ಜಗಿಯುವುದು ಅದರ ಕಸುಬು. ಒಂದು ಸಂಜೆ ಎರಡು ಕಾಡುಕೋಣಗಳು ಜಗಳವಾಡುತ್ತಾ ಬಂದು ಬುರುಡೆಯ ಮುಂದೆ ನಿಂತವು. ಗಾಳಿ ಬೀಸಿತು, ಬುರುಡೆ "ಹೂಂ" ಎಂದಿತು. ಎಲ್ಲರೂ ನಡುಗಿದರು. ಕಿರುಬ ಮೆಲ್ಲಗೆ ಮುಂದೆ ಬಂದು ಕಿವಿ ಇಟ್ಟು ಆಲಿಸಿತು.

"ಅವ್ವ ಮಾತಾಡಿದಳು," ಎಂದಿತು. "ನಿಮಗೆ ಆ ಭಾಷೆ ತಿಳಿಯಲ್ಲ. ನನ್ನ ಜೀವಮಾನವೆಲ್ಲ ಮೂಳೆಗಳ ಜೊತೆ ಕಳೆದಿದೆ, ನನಗೆ ತಿಳಿಯುತ್ತೆ. ಎಡಗಡೆಯ ಕೋಣದ್ದು ತಪ್ಪು ಅಂತಿದ್ದಾಳೆ."

"ಯಾಕಂತೆ?" ಎಂದು ಎಡಗಡೆಯ ಕೋಣ ಕೇಳಿತು.

"ಸತ್ತವರನ್ನ ಯಾಕೆ ಅಂತ ಕೇಳ್ತೀಯಾ?" ಎಂದಿತು ಕಿರುಬ, ಬಹಳ ಮೆತ್ತಗೆ.

ಕೋಣ ತಲೆ ತಗ್ಗಿಸಿ ಹಿಂದೆ ಸರಿಯಿತು. ಅಂದಿನಿಂದ ಕಿರುಬನಿಗೆ "ಅವ್ವನ ಬಾಯಿ" ಎಂದೇ ಹೆಸರಾಯಿತು. ಬಂಡೆಯ ಹತ್ತಿರ ಬೇರೆ ಯಾರೂ ಹೋಗಕೂಡದು ಎಂದು ಅದು ಕಟ್ಟಪ್ಪಣೆ ಮಾಡಿತು. ತಪ್ಪು ಮಾಡಿದವರಿಗೆ ಒಂದೇ ಶಿಕ್ಷೆ. ಒಬ್ಬಂಟಿಯಾಗಿ ಹೊಗೆಹಳ್ಳಕ್ಕೆ ಇಳಿದು ಆಚೆ ದಡಕ್ಕೆ ಹೋಗಬೇಕು. ಕೆಳಗೆ ಮಂಜಿನ ಅಡಿಯಲ್ಲಿ ಆಳವಾದ ಕೆಸರು. ಅದರ ನಡುವೆ ಕಾಲಿಡಲು ಒಂದೇ ಒಂದು ಗಟ್ಟಿ ದಾರಿ, ಅದು ಗೊತ್ತಿದ್ದದ್ದು ಕಿರುಬನಿಗೆ ಮಾತ್ರ. ಹೋದವರು ಯಾರೂ ವಾಪಸ್ ಬರಲಿಲ್ಲ. ಕಿರುಬ ಮಾತ್ರ ದುಂಡಗಾಗುತ್ತಾ ಹೋಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಒಂದು ವರ್ಷ ಕೆರೆಯ ನೀರು ಕೆಟ್ಟು ವಾಸನೆ ಬಂತು. ಚಿಗರ ಎಂಬ ಎಳೆ ಮೊಲ ಕೆರೆಗೆ ಏನೋ ಹಾಕಿದೆ ಎಂದು ಯಾರೋ ದೂರಿದರು. ಚಿಗರ ಬುರುಡೆಯ ಮುಂದೆ ನಿಂತ.

"ನಾನು ಕೆರೆಗೆ ಹೋಗಿದ್ದು ನಿಜ, ಆದರೆ..." ಎಂದ.

"ಹೂಂ," ಎಂದಿತು ಬುರುಡೆ.

"ಮುಗೀತು," ಎಂದಿತು ಕಿರುಬ.

ಚಿಗರ ಮಂಜಿನೊಳಗೆ ಇಳಿದುಹೋದ. ಅವನ ತಾಯಿ ದಡದಲ್ಲಿ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ನೆರೆದವರು ಮುಖ ತಿರುಗಿಸಿಕೊಂಡು ಮನೆಗೆ ಹೋದರು. ಸದ್ಯ ನಮ್ಮ ಸರದಿ ಅಲ್ಲವಲ್ಲ ಎಂದು ಎಲ್ಲರಿಗೂ ಒಳಗೊಳಗೇ ನೆಮ್ಮದಿ. ಇಂಥ ನೆಮ್ಮದಿಗೆ ನನ್ನ ಧಿಕ್ಕಾರವಿರಲಿ!

ಕಾಲ ಕಳೆದಂತೆ ಬುರುಡೆಯ ಹಿಂಭಾಗದಲ್ಲಿ ಮಣ್ಣು, ತರಗೆಲೆ ತುಂಬಿಕೊಂಡಿತು. "ಹೂಂ" ಎನ್ನುವ ದನಿ ಕ್ಷೀಣಿಸಿತು. ದನಿ ಕುಗ್ಗಿದಂತೆ ಪ್ರಾಣಿಗಳ ಭಯವೂ ಕುಗ್ಗಿತು. ಕೋತಿಗಳು ಬಂಡೆಯ ಹತ್ತಿರವೇ ಆಟವಾಡತೊಡಗಿದವು. ಕಿರುಬನಿಗೆ ದಿಗಿಲಾಯಿತು. ಯಾರೂ ಇಲ್ಲದ ಹೊತ್ತು ನೋಡಿ ಬುರುಡೆಯ ಹಿಂಬದಿಯನ್ನು ಕಚ್ಚಿ, ಗಾಳಿ ಆಡಲು ಇನ್ನೊಂದು ತೂತು ಮಾಡಿತು. ದನಿ ಮೊದಲಿಗಿಂತ ಜೋರಾಯಿತು. ಆದರೆ ದೊಡ್ಡವ್ವನ ಮೂಳೆ ಸುಮ್ಮನೆ ಮುರಿಯುವಂಥದ್ದೇ? ಕಿರುಬನ ಒಂದು ಹಲ್ಲು ಕಟಕ್ಕೆಂದು ಮುರಿದು ಅಲ್ಲೇ ಸಿಕ್ಕಿಕೊಂಡಿತು. ನೋವಿನಲ್ಲಿ ಅದಕ್ಕೆ ಹಲ್ಲು ಎಲ್ಲಿ ಬಿತ್ತು ಎಂಬುದೂ ತಿಳಿಯಲಿಲ್ಲ. ಕೆನ್ನೆ ಊದಿಕೊಂಡಿತು. "ವ್ರತ ಹಿಡಿದಿದ್ದೀನಿ, ಹೆಚ್ಚು ಮಾತಾಡಲ್ಲ," ಎಂದು ಎಲ್ಲರಿಗೂ ಅರ್ಧ ಬಾಯಲ್ಲೇ ಹೇಳಿತು.

ಕೆಲವು ದಿನಗಳಾದ ಮೇಲೆ ಮರದ ತುದಿಯಿಂದ ಒಂದು ಕೋತಿ ಆ ಹೊಸ ತೂತನ್ನು ನೋಡಿತು. "ಅಯ್ಯೋ! ಅವ್ವನ ತಲೆಯನ್ನ ಯಾರೋ ಕಡಿದಿದ್ದಾರೆ!" ಎಂದು ಕಿರುಚಿತು. ಕಾಡಿಗೆ ಕಾಡೇ ಸೇರಿತು.

ಮೂಳೆ ಕಡಿಯುವವರು ಯಾರು? ಆ ಕಾಡಿನಲ್ಲಿ ಕಿರುಬನನ್ನು ಬಿಟ್ಟರೆ ಮುಳ್ಳುಹಂದಿ ಮಾತ್ರ ಮೂಳೆ ಕಡಿಯುತ್ತಿತ್ತು. ಹಲ್ಲು ಮಸೆದುಕೊಳ್ಳಲು ಅದಕ್ಕೆ ಮೂಳೆ ಬೇಕು. ಕಿರುಬ ಬೇಗನೆ ಬೆರಳು ತೋರಿಸಿತು. "ಮುಳ್ಳುಹಂದಿ ಗುಂಡಯ್ಯನದೇ ಈ ಕೆಲಸ. ನಾಳೆ ಸಂಜೆ ಅವ್ವ ತೀರ್ಪು ಹೇಳ್ತಾಳೆ."

ಗುಂಡಯ್ಯ ಪಾಪದ ಪ್ರಾಣಿ. ಬಿಲ, ಗೆಡ್ಡೆ, ಹೆಂಡತಿ, ಇಷ್ಟೇ ಅವನ ಲೋಕ. ಸುದ್ದಿ ಕೇಳಿದ ಕೂಡಲೇ ಮುಳ್ಳೆಲ್ಲ ಜೋತುಬಿತ್ತು.

"ಸೂಜವ್ವಾ, ನಾನು ಆ ಬಂಡೆ ಹತ್ತಿರ ಹೋಗೇ ಇಲ್ಲ ಕಣೆ. ಆದ್ರೆ ಆ ಕಣ್ಣಿನ ಮುಂದೆ ನಿಂತರೆ ನನಗೆ ಮಾತು ಹೊರಡಲ್ಲ."

ಹೆಂಡತಿ ಸೂಜವ್ವನ ನಾಲಿಗೆ ಮುಳ್ಳಿಗಿಂತ ಚೂಪು. ಆದರೆ ಅವತ್ತು ಅವಳೂ ಹೆದರಿದ್ದಳು. "ಅಳಬೇಡಿ. ನೀವು ಸುಮ್ನೆ ನಿಂತ್ಕೊಳ್ಳಿ. ಮಾತು ನಾನಾಡ್ತೀನಿ," ಎಂದಳು.

ಮರುದಿನ ಮಧ್ಯಾಹ್ನ ಸುಡುಬಿಸಿಲು. ಕಿರುಬ ಹಲ್ಲುನೋವಿನಿಂದ ಗುಹೆಯಲ್ಲಿ ಮಲಗಿತ್ತು. ಸಂಜೆ ಎಲ್ಲರೂ ಬಂಡೆಯ ಸುತ್ತ ಸೇರಿದರು. ಆ ಸಂಜೆ ಎಂದಿನಂತಿರಲಿಲ್ಲ. ಮಂಜು ಎದ್ದಿತು, ಆದರೆ ಗಾಳಿ ಇರಲಿಲ್ಲ. ಒಂದು ಹುಲ್ಲೆಸಳೂ ಅಲುಗುತ್ತಿರಲಿಲ್ಲ. ಬುರುಡೆ ಒಂಟಿ ಕಣ್ಣು ಬಿಟ್ಟುಕೊಂಡು ಸುಮ್ಮನೆ ಕೂತಿತ್ತು. ಮಾತಾಡುವ ಬುರುಡೆಗಿಂತ ಮಾತಾಡದ ಬುರುಡೆಯೇ ಹೆಚ್ಚು ಭಯ ಹುಟ್ಟಿಸಿತು.

"ಗಾಳಿ ಬರಲಿ... ಅಲ್ಲ, ಅವ್ವ ಎದ್ದೇಳಲಿ. ಕಾಯೋಣ," ಎಂದಿತು ಕಿರುಬ.

"ಕಾಯೋದು ಬೇಡ," ಎಂದಳು ಸೂಜವ್ವ. ಗಂಡನ ಮುಂದೆ ಬಂದು ನಿಂತಳು. "ನನ್ನದೊಂದು ಪ್ರಶ್ನೆ. ಕಡಿತ ಬಿದ್ದಿರೋದು ಯಾರಿಗೆ?"

"ಅವ್ವನ ಬುರುಡೆಗೆ."

"ತೀರ್ಪು ಹೇಳೋರು ಯಾರು?"

"ಅವ್ವನ ಬುರುಡೆ."

"ಪೆಟ್ಟು ತಿಂದಿದ್ದೂ ಅದೇ, ನ್ಯಾಯ ಹೇಳೋದೂ ಅದೇನಾ? ಅವ್ವ ಬದುಕಿದ್ದಾಗ ಹಾಗೆ ಮಾಡಿದ್ದಳಾ? ಕರಡಿಯಣ್ಣ, ನೀನೇ ಹೇಳು. ನಿನ್ನ ಜೇನುಮರವನ್ನ ಅವ್ವನ ಮಗ ಉರುಳಿಸಿದಾಗ ಏನಾಯ್ತು?"

ಕರಡಿ ತಲೆ ಕೆರೆದುಕೊಂಡು ಎದ್ದು ನಿಂತಿತು. "ಅವ್ವ ಬಂಡೆಯಿಂದ ಕೆಳಗೆ ಇಳಿದುಬಿಟ್ಟಳು. 'ಇದು ನನ್ನ ಮನೆ ವ್ಯಾಜ್ಯ, ನಾನು ಕೂರೋ ಹಾಗಿಲ್ಲ' ಅಂದಳು. ಆಮೆಜ್ಜನನ್ನ ಕೂರಿಸಿದಳು. ಆಮೆಜ್ಜ ಅವಳ ಮಗನದೇ ತಪ್ಪು ಅಂದ. ಅವ್ವ ಒಪ್ಪಿಕೊಂಡಳು."

ಗುಂಪಿನಲ್ಲಿ ಗುಸುಗುಸು ಎದ್ದಿತು. ಮರೆತದ್ದು ಎಲ್ಲರಿಗೂ ಒಮ್ಮೆಲೇ ನೆನಪಾಗಿತ್ತು.

"ಅದೆಲ್ಲ ಬದುಕಿದ್ದವಳ ಕಟ್ಟಳೆ," ಎಂದು ಕಿರುಬ ಗುರುಗುಟ್ಟಿತು. "ಸತ್ತವಳಿಗೆ ಯಾವ ಕಟ್ಟಳೆಯೂ ಇಲ್ಲ."

"ಕಟ್ಟಳೆ ಇಲ್ಲ ಅಂದ್ರೆ ಅಧಿಕಾರ ಮಾತ್ರ ಎಲ್ಲಿಂದ ಬಂತಪ್ಪಾ?" ಎಂದಳು ಸೂಜವ್ವ.

ಆಗ ಹುಲಿ ಮೊದಲ ಬಾರಿಗೆ ಬಾಯಿಬಿಟ್ಟಿತು. "ಆಮೆಜ್ಜ ಕೂರಲಿ."

ಆಮೆಜ್ಜ ಮುದಿಯ. ತನಗೆ ಈ ಕೆಲಸ ಬೇಡವೆಂದು ಮುಖದಲ್ಲೇ ಬರೆದಿತ್ತು. ಆದರೂ ಮುಂದೆ ಬಂದು ಕತ್ತು ಹೊರಚಾಚಿದ. ಮೊದಲು ಕೋತಿಯ ಮಾತು ಕೇಳಿದ, ಕಿರುಬನ ಮಾತು ಕೇಳಿದ. ಎರಡನ್ನೂ ತಿರುಗಿ ಹೇಳಿದ. ಆಮೇಲೆ ಗುಂಡಯ್ಯನ ಕಡೆ ತಿರುಗಿದ.

ಗುಂಡಯ್ಯ ಬಾಯಿ ತೆರೆದ, ಮುಚ್ಚಿದ. ಸೂಜವ್ವ ಮಾತಾಡಲು ಹೊರಟಾಗ ಆಮೆಜ್ಜ, "ತಡೀ ತಾಯಿ. ಅವನ ಮಾತು ಅವನೇ ಆಡಲಿ. ನಮಗೇನೂ ಅವಸರ ಇಲ್ಲ," ಎಂದ. ಎಲ್ಲರೂ ಕಾದರು. ಬಹಳ ಹೊತ್ತು ಕಾದರು.

"ನಾನು ಮೂಳೆ ಕಡೀತೀನಿ," ಎಂದ ಗುಂಡಯ್ಯ ಕೊನೆಗೆ. "ಆದ್ರೆ ಅವ್ವನ ಮೂಳೆ ಮುಟ್ಟಿಲ್ಲ. ಅವ್ವ ನನ್ನ ಮದುವೆಗೆ ಬಂದಿದ್ದಳು."

"'ಮೂಳೆ ಕಡೀತೀನಿ, ಆದ್ರೆ ಅವ್ವನ ಮೂಳೆ ಮುಟ್ಟಿಲ್ಲ, ಅವ್ವ ನನ್ನ ಮದುವೆಗೆ ಬಂದಿದ್ದಳು.' ಇದೇ ತಾನೇ ನಿನ್ನ ಮಾತು?"

"ಹೌದಜ್ಜಾ," ಎಂದ ಗುಂಡಯ್ಯ. ಹೇಳುವಾಗಲೇ ಅವನ ಕಣ್ಣಲ್ಲಿ ನೀರು ತುಂಬಿತು. "ಇದೇ ನನ್ನ ಮಾತು."

"ಸರಿ. ಈಗ ಜಾಗ ನೋಡೋಣ," ಎಂದು ಆಮೆಜ್ಜ ಬಂಡೆಯ ಕಡೆ ಹೊರಟ.

"ಹತ್ತಿರ ಹೋಗಬೇಡ! ಸತ್ತುಹೋಗ್ತೀಯ!" ಎಂದು ಕಿರುಬ ಚೀರಿತು.

"ನನ್ನ ವಯಸ್ಸಿನಲ್ಲಿ ಅದೇನು ದೊಡ್ಡ ಬೆದರಿಕೆ ಅಲ್ಲಪ್ಪ," ಎಂದ ಆಮೆಜ್ಜ.

ಮಂಜು ಬಂಡೆಯ ಬುಡವನ್ನು ಮುಚ್ಚಿತ್ತು. ಆಮೆಜ್ಜ ಅದರೊಳಗೆ ಕಾಣದಾದ. ಚಿಪ್ಪು ಕಲ್ಲಿಗೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಸರ್... ಸರ್... ಆಮೇಲೆ ಅವನ ಚಿಪ್ಪು ಬುರುಡೆಗೆ ತಾಗಿ ಟೊಕ್ ಎಂದಿತು.

"ಹೂಂ..." ಎಂದಿತು ಬುರುಡೆ.

ಎಲ್ಲರೂ ನೆಲಕ್ಕೆ ಅಂಟಿಕೊಂಡರು. ಆದರೆ ಆ ಇಡೀ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಕಿರುಬ. ಯಾಕೆ ಗೊತ್ತೇ? ಬುರುಡೆ ಮಾತಾಡುವುದಿಲ್ಲ, ಅದು ಬರೀ ಗಾಳಿ ಎಂದು ತಿಳಿದಿದ್ದದ್ದು ಅದಕ್ಕೊಂದಕ್ಕೇ. ಅದು ಹುಲ್ಲನ್ನು ನೋಡಿತು. ಹುಲ್ಲು ಅಲುಗುತ್ತಿರಲಿಲ್ಲ. ಎಲೆಗಳನ್ನು ನೋಡಿತು. ಎಲೆಗಳೂ ಅಲುಗುತ್ತಿರಲಿಲ್ಲ. ಬುರುಡೆ ಮಾತ್ರ "ಹೂಂ" ಎನ್ನುತ್ತಲೇ ಇತ್ತು, ನಿಲ್ಲಿಸುತ್ತಲೇ ಇರಲಿಲ್ಲ.

ಮಂಜಿನೊಳಗಿಂದ ಆಮೆಜ್ಜನ ದನಿ ಬಂತು. "ಕಡಿತದ ಜಾಗದಲ್ಲಿ ಒಂದು ಹಲ್ಲು ಸಿಕ್ಕಿಕೊಂಡಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಿರುಬ ಕೆನ್ನೆ ಮುಟ್ಟಿ ನೋಡಿಕೊಂಡಿತು.

ಅದನ್ನು ಎಲ್ಲರೂ ಕಂಡರು. ಊದಿದ ಕೆನ್ನೆ, ಅರ್ಧ ಬಾಯಿಯ ಮಾತು, ವ್ರತ, ಎಲ್ಲಕ್ಕೂ ಈಗ ಅರ್ಥ ಸಿಕ್ಕಿತು. "ಕೊಲ್ಲಿ ಅವನನ್ನ!" ಎಂದು ಕಾಡುಕೋಣಗಳು ಕೊಂಬು ತಗ್ಗಿಸಿದವು. ಹುಲಿ ಒಂದೇ ನೆಗೆತಕ್ಕೆ ಕಿರುಬನ ಮುಂದೆ ಬಂದು ಪಂಜ ಎತ್ತಿತು.

"ಪಂಜ ಇಳಿಸು ದೊರೆ," ಎಂದ ಆಮೆಜ್ಜ, ಮಂಜಿನಿಂದ ಹೊರಗೆ ಬರುತ್ತಾ. "ಅವನ ಮಾತು ಇನ್ನೂ ಕೇಳಿಲ್ಲ."

"ಇನ್ನೇನು ಕೇಳೋದಿದೆ ಅಜ್ಜಾ?"

"ಏನಿದೆ ಅಂತ ಕೇಳಿದ ಮೇಲೆ ತಾನೇ ಗೊತ್ತಾಗೋದು?"

ಹುಲಿಯ ಪಂಜ ಗಾಳಿಯಲ್ಲೇ ನಿಂತಿತು. ಒಂದು ಒದೆ ಕೊಟ್ಟರೆ ಅಂಗಾತ ಬೀಳುವ ಮುದಿ ಆಮೆ ಅದು. ಆದರೂ ಹುಲಿ ಪಂಜ ಇಳಿಸಿತು, ಹಿಂದೆ ಹೋಗಿ ಕೂತಿತು. ದೊಡ್ಡವ್ವ ಬದುಕಿದ್ದರೆ ಆ ಗಳಿಗೆ ನೋಡಿ ಹಿಗ್ಗುತ್ತಿದ್ದಳು.

"ಹೇಳಪ್ಪಾ," ಎಂದ ಆಮೆಜ್ಜ. "ಪೂರ್ತಿ ಹೇಳು. ನಡುವೆ ಯಾರೂ ಬಾಯಿ ಹಾಕಲ್ಲ."

ಆದರೆ ಕಿರುಬನಿಗೆ ಅದು ಕೇಳಿಸಲೇ ಇಲ್ಲ. ಅದರ ಕಣ್ಣು ಬುರುಡೆಯ ಮೇಲೆ ನೆಟ್ಟಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ನಿಮಗೆ ಕೇಳಿಸ್ತಿಲ್ವಾ?" ಎಂದಿತು. "ಅವಳು ಹೆಸರು ಹೇಳ್ತಿದ್ದಾಳೆ. ಒಬ್ಬೊಬ್ಬರದಾಗಿ ಹೇಳ್ತಿದ್ದಾಳೆ. ಹಳ್ಳಕ್ಕೆ ಇಳಿದೋರದೆಲ್ಲ... ಈಗ ನನ್ನದು... ಈಗ ನನ್ನದು ಹೇಳ್ತಿದ್ದಾಳೆ!"

ಉಳಿದವರಿಗೆ ಕೇಳಿದ್ದು ಬರೀ "ಹೂಂ".

ಕಿರುಬ ಹಿಂದೆ ಹಿಂದೆ ಸರಿಯಿತು. ಆಮೇಲೆ ತಿರುಗಿ ಓಡಿತು. ಓಡಿದ್ದು ಹೊಗೆಹಳ್ಳದ ಕಡೆಗೇ.

"ನಿಲ್ಲಪ್ಪಾ! ಇನ್ನೂ ತೀರ್ಪು ಆಗಿಲ್ಲ!" ಎಂದು ಆಮೆಜ್ಜ ಕೂಗಿದ.

ಕಿರುಬ ನಿಲ್ಲಲಿಲ್ಲ. ತನಗೊಬ್ಬನಿಗೇ ಗೊತ್ತಿದ್ದ ಗಟ್ಟಿ ದಾರಿ ಆ ದಿಗಿಲಿನಲ್ಲಿ ಅದಕ್ಕೂ ತಪ್ಪಿತು. ಮಂಜಿನ ಕೆಳಗಿನಿಂದ ಅದರ ನಗುವಿನಂಥ ಕೂಗು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಅದನ್ನು ಯಾರೂ ನೂಕಿರಲಿಲ್ಲ.

ಬೆಳಗಾದ ಮೇಲೆ ಕರಡಿ ಬುರುಡೆಯೊಳಗೆ ಮೂಗು ತೂರಿಸಿ ನೋಡಿತು. ಒಳಗೆ ತುಡುವೆ ಜೇನು! ಹಿಂದಿನ ಮಧ್ಯಾಹ್ನ, ಕಿರುಬ ಮಲಗಿದ್ದಾಗ ಹುಳುಗಳು ಬಂದು ಸೇರಿದ್ದವು. ಅವು ಒಳಗೆ ಹೊಕ್ಕದ್ದು ಕಿರುಬ ತಾನೇ ಕಚ್ಚಿ ಮಾಡಿದ ತೂತಿನಿಂದ. ಆಮೆಜ್ಜನ ಚಿಪ್ಪು ತಾಗಿದ್ದಕ್ಕೆ ಅವು ಎದ್ದು ಗುಂಯ್‌ಗುಟ್ಟಿದ್ದವು, ಅಷ್ಟೇ. ಜೇನುಹುಳ ಸತ್ತವರ ಹೆಸರು ಹೇಳುತ್ತವೆಯೇ? ಕಿರುಬನಿಗೆ ಕೇಳಿದ್ದೇನು? ನನ್ನನ್ನು ಕೇಳಬೇಡಿ, ನಾನು ಅಲ್ಲಿರಲಿಲ್ಲ.

ಅಂದು ಕಾಡು ಆಮೆಜ್ಜನನ್ನೇ ನ್ಯಾಯಕ್ಕೆ ಕೂರಿಸಿತು. ಅವನು ಬಂಡೆಯ ಮೇಲೆ ಕೂರಲಿಲ್ಲ, ಎಲ್ಲರ ನಡುವೆ ನೆಲದ ಮೇಲೆ ಕೂತ. "ಗುಂಡಯ್ಯ ನಿರಪರಾಧಿ. ಯಾಕಂದ್ರೆ ಸಿಕ್ಕಿದ ಹಲ್ಲು ಮುಳ್ಳುಹಂದಿಯದಲ್ಲ. ನೀವೆಲ್ಲ ಬಂದು ನೋಡಬಹುದು," ಎಂದ. ಒಬ್ಬೊಬ್ಬರಾಗಿ ಬಂದು ನೋಡಿದರು. ಸೂಜವ್ವ ಗಂಡನನ್ನು ಅಪ್ಪಿಕೊಳ್ಳಲು ಹೋಗಿ, ಮುಳ್ಳು ಚುಚ್ಚಿ, ಅವನಿಗೇ ಬೈದಳು.

ಎಲ್ಲರೂ ಎದ್ದು ಹೊರಡುವಾಗ ಹಿಂದಿನಿಂದ ಒಂದು ಒಡಕು ದನಿ ಕೇಳಿತು. ಅದು ಚಿಗರನ ತಾಯಿ ಮೊಲ.

"ನನ್ನ ಮಗನ ವಿಚಾರಣೆ ಮಾಡಿ ಅಜ್ಜಾ," ಎಂದಳು.

"ಅವನು ಇಲ್ಲವಲ್ಲ ತಾಯಿ."

"ಇಲ್ಲ. ಆದರೂ ಮಾಡಿ."

ಆಮೆಜ್ಜ ಮತ್ತೆ ಕೂತ. ಎಲ್ಲರೂ ಕೂತರು. "ಚಿಗರ ಅವತ್ತು ಏನು ಹೇಳಿದ?" ಎಂದು ಕೇಳಿದ. ಕೋಣಗಳನ್ನು ಕೇಳಿದ, ಕರಡಿಯನ್ನು ಕೇಳಿದ, ಹುಲಿಯನ್ನು ಕೇಳಿದ. ಎಲ್ಲರೂ ಅವತ್ತು ಅಲ್ಲೇ ಇದ್ದರು. ಒಬ್ಬರಿಗೂ ನೆನಪಿರಲಿಲ್ಲ. ಯಾರೂ ಕೇಳಿಸಿಕೊಂಡಿರಲೇ ಇಲ್ಲ.

"ನನಗೆ ನೆನಪಿದೆ," ಎಂದಳು ತಾಯಿ. "'ನಾನು ಕೆರೆಗೆ ಹೋಗಿದ್ದು ನಿಜ, ಆದರೆ' ಅಂದ. ಅಷ್ಟೇ. ಮುಂದಿನ ಮಾತಿಗೆ ಬಿಡಲಿಲ್ಲ."

ಆಮೆಜ್ಜ ಮಂಜು ತುಂಬಿದ ಹಳ್ಳದ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದ.

"'ನಾನು ಕೆರೆಗೆ ಹೋಗಿದ್ದು ನಿಜ, ಆದರೆ...' ಇದೇ ತಾನೇ ಮಗಾ ನಿನ್ನ ಮಾತು?"

ಇಡೀ ಕಾಡು ಕಿವಿಗೊಟ್ಟು ಕೂತಿತು. ಹೊತ್ತು ಮುಳುಗುವವರೆಗೂ ಕೂತಿತ್ತು. ಹೌದು ಎನ್ನಲು ಅಲ್ಲಿ ಯಾರೂ ಇರಲಿಲ್ಲ.

ನೀತಿ: ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಕಾರಣ ಹೇಳಿ ಕೊಟ್ಟದ್ದೇ ತೀರ್ಪು, ಹೆದರಿಸಿ ಕೊಟ್ಟದ್ದು ತೀರ್ಪಲ್ಲ. ಅನ್ಯಾಯವನ್ನು ಕಂಡೂ ಸುಮ್ಮನೆ ನಿಂತವರಿಗೆ ಅದರಲ್ಲಿ ಪಾಲುಂಟು.